ಡೆಲ್ಫೀನ್ ತನ್ನ ಮದುವೆಗೆ ಜಾಗ ಹುಡುಕಿದ್ದು

ಡೆಲ್ಫೀನ್ ಕುಡ್ಜೋ ನನ್ನ ದೊಡ್ಡಮ್ಮನ ಮಗಳು. ಮಾರ್ಗೋ ಕೊಲ್ಲಿಯ ರೆಸಾರ್ಟಿನಲ್ಲಿ ಬೇರೆಯವರ ಮದುವೆ ಮಾಡಿಸುವುದು ಅವಳ ಕೆಲಸವಾಗಿತ್ತು. ನಮ್ಮ ಕ್ಯಾರಿಯಾಕೂ ಸಣ್ಣ ದ್ವೀಪ. ಬೆಳಿಗ್ಗೆ ಈ ತುದಿಯಲ್ಲಿ ಸೀನಿದರೆ ಮಧ್ಯಾಹ್ನದೊಳಗೆ ಆ ತುದಿಯವರು ಕಷಾಯ ಮಾಡಿ ಕಳಿಸುತ್ತಾರೆ. ಹಾಗಾಗಿ ಎಲ್ಲೋ ಹಿಮದ ಊರಿನಲ್ಲಿ ಕೂತ ಜೋಡಿಯೊಂದು ನಮ್ಮಲ್ಲಿಗೆ ಬಂದು ಮದುವೆಯಾಗೋಣ ಎಂದು ಮನಸ್ಸು ಮಾಡಿದರೆ, ಅವರ ಅಪ್ಪ ಅಮ್ಮನಿಗಿಂತ ಮೊದಲು ಹಿಲ್ಸ್‌ಬರೋ ಪೇಟೆಗೆ ಸುದ್ದಿ ಮುಟ್ಟಿರುತ್ತಿತ್ತು.

ಆ ಜೋಡಿಗಳು ಫೋನಿನಲ್ಲೇ ಜಾಗ ನೋಡುತ್ತಿದ್ದರು. ಡೆಲ್ಫೀನ್ ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಚಾಚಿ, ಮರಳ ಮೇಲೆ ನಡೆಯುತ್ತ ತೋರಿಸುವಳು. ಇಲ್ಲಿ ಪಾದ್ರಿ ನಿಲ್ಲುತ್ತಾರೆ, ಇಲ್ಲಿ ಹೂವಿನ ಕಮಾನು, ಸಂಜೆ ಸೂರ್ಯ ಆ ಬಂಡೆಯ ಹಿಂದೆ ಇಳಿಯುತ್ತಾನೆ. ಆ ಕಡೆಯಿಂದ ನೂರೆಂಟು ಅನುಮಾನ. ಸೊಳ್ಳೆ ಇದೆಯಾ, ಮಳೆ ಬಂದರೆ ಗತಿಯೇನು, ಗಾಲಿಕುರ್ಚಿಯ ಅಜ್ಜಿ ಮರಳಿಗೆ ಇಳಿಯುವುದು ಹೇಗೆ, ಪಕ್ಕದ ದ್ವೀಪದ ರೆಸಾರ್ಟಿನಲ್ಲಿ ಈಜುಕೊಳ ಇದೆಯಂತಲ್ಲ, ನಿಮ್ಮಲ್ಲಿ ಯಾಕಿಲ್ಲ. "ಎದುರಿಗೇ ಸಮುದ್ರ ಇದೆಯಲ್ಲ" ಎಂದು ಡೆಲ್ಫೀನ್ ನಗುವಳು. ಆ ನಗು ಕೇಳಿಯೇ ಎಷ್ಟೋ ಜನ ಮಾರ್ಗೋ ಕೊಲ್ಲಿಯನ್ನು ಒಪ್ಪಿಕೊಂಡಿದ್ದರು.

ನಾನು ಹೊಲಿಗೆಯವಳು, ಕ್ಲೆಮಿ. ತಮ್ಮ ಊರಿಂದ ಹೊರಟಾಗ ಸರಿಯಿದ್ದ ಮದುಮಗಳ ಉಡುಪು ಇಲ್ಲಿಗೆ ಬಂದು ಇಳಿಯುವಷ್ಟರಲ್ಲಿ ಬಿಗಿಯಾಗಿರುತ್ತಿತ್ತು. ಅದನ್ನು ಬಿಚ್ಚಿ ಹೊಲಿಯಲು ಡೆಲ್ಫೀನ್ ನನ್ನನ್ನೇ ಕರೆಸುತ್ತಿದ್ದಳು. ಹಾಗಾಗಿ ಅವಳ ಓಡಾಟ ನಾನು ಹತ್ತಿರದಿಂದ ನೋಡಿದ್ದೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಮಾತಾಡುತ್ತ ಕುರ್ಚಿಗಳನ್ನು ಸಾಲಿಗೆ ತರುವಳು, ನನ್ನ ಅಂಗಡಿಗೆ ಬಂದರೆ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುವಳು. ಬಾಡಿಗೆ ಕೋಣೆಯಲ್ಲೂ ಮಂಚವನ್ನು ತಿಂಗಳಿಗೊಮ್ಮೆ ಬೇರೆ ಗೋಡೆಗೆ ತಳ್ಳುವಳು. ಕೆಳಗಿನ ಅಂಗಡಿಯವನು, "ಮೇಲೆ ಹೆಂಗಸು ಇದ್ದಾಳೋ ಹಡಗು ಇದೆಯೋ" ಎಂದು ಕೇಳಿದ್ದನಂತೆ.

ಇಂಥವಳನ್ನು ವಿಂಡ್‌ವರ್ಡ್ ಹಳ್ಳಿಯ ಆಲ್ಡ್ರಿಕ್ ಮೆಕ್‌ಲಾರೆನ್ ಮೆಚ್ಚಿದ. ದೋಣಿ ಕಟ್ಟುವವನು. ಒಂದು ಹಲಗೆ ಬಾಗುವುದಕ್ಕೆ ದಿನವೆಲ್ಲ ಕಾಯುವ ಜೀವ. ಇಬ್ಬರಿಗೂ ವಯಸ್ಸು ನಲವತ್ತು ದಾಟಿತ್ತು. ಬಹಳ ವರ್ಷ ಭಾನುವಾರಗಳಲ್ಲಿ ಜೊತೆಗೆ ತಿರುಗಾಡಿದ ಮೇಲೆ ಒಂದು ದಿನ ಆಲ್ಡ್ರಿಕ್, ಇನ್ನು ಮದುವೆಯಾಗೋಣ ಎಂದ. ಅವಳು ಹೂಂ ಎಂದಳು. ಎಲ್ಲಿ ಎಂದು ಅವನು ಕೇಳಿದ. ಅಲ್ಲಿಂದ ಶುರುವಾಯಿತು.

ಮಾರ್ಗೋ ಕೊಲ್ಲಿಯಲ್ಲೇ ಆಗುತ್ತದೆ ಎಂದು ರೆಸಾರ್ಟಿನ ಅಡುಗೆಯವರಿಂದ ಹಿಡಿದು ತೋಟದವರವರೆಗೆ ಎಲ್ಲರೂ ಅಂದುಕೊಂಡಿದ್ದರು. ಡೆಲ್ಫೀನ್, "ಅಲ್ಲಿ ಬೇಡ" ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ದ್ವೀಪದವರಿಗೆಲ್ಲ ಗೊತ್ತಿತ್ತು. ರೆಸಾರ್ಟು ನಿಂತಿರುವ ನೆಲ ಹಿಂದೆ ಕುಡ್ಜೋ ಮನೆತನದ್ದು. ಈಗ ಬಾರ್ ಇರುವ ಕಡೆ ನನ್ನ ದೊಡ್ಡಮ್ಮ ಇಸ್ಮೇಯ ಮನೆ ಇತ್ತು. ಡೆಲ್ಫೀನ್ ಹುಟ್ಟಿದ್ದು ಅಲ್ಲಿ. ಅವಳಪ್ಪ ಕೈಯಾರೆ ಕಲ್ಲು ಕಟ್ಟಿದ ಮಳೆನೀರಿನ ತೊಟ್ಟಿ ಇವತ್ತಿಗೂ ಬಾರಿನ ನೆಲದ ಹಲಗೆಯ ಕೆಳಗೆ ಇದೆ, ಅದರಲ್ಲಿ ಬಿಯರ್ ಪೆಟ್ಟಿಗೆ ಇಡುತ್ತಾರೆ. ಅಪ್ಪ ಸಮುದ್ರಕ್ಕೆ ಹೋದವನು ಮರಳಲಿಲ್ಲ. ಡೆಲ್ಫೀನ್ ಗ್ರೆನಡಾದ ಹೋಟೆಲಿನಲ್ಲಿ ಕೆಲಸ ಕಲಿಯುತ್ತಿದ್ದಾಗ ದೊಡ್ಡಮ್ಮನೂ ತೀರಿಕೊಂಡಳು. ಆಮೇಲೆ ಬಂದ ದೊಡ್ಡ ಗಾಳಿಗೆ ಮನೆಯ ಮಾಡು ಹಾರಿಹೋಯಿತು. ಬ್ರೂಕ್ಲಿನ್ನಿನಲ್ಲಿದ್ದ ಅವಳ ಚಿಕ್ಕಪ್ಪ ಎಫ್ರಾಯಿಮ್, ಮನೆತನದ ಹಿರಿಯ ತಾನೇ ಎಂದು, ಅವಳನ್ನು ಒಂದು ಮಾತು ಕೇಳದೆ ಆ ನೆಲ ಮಾರಿಬಿಟ್ಟ. ಡೆಲ್ಫೀನ್ ವಾಪಸು ಬಂದಾಗ ಅಲ್ಲಿ ಬೇಲಿ ಇತ್ತು, ಬೇಲಿಯ ಮೇಲೆ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂಬ ಬೋರ್ಡು ಇತ್ತು. ಅವಳು ಒಳಗೆ ಹೋಗಿ ಕೆಲಸ ಕೇಳಿದಳು. ಚಿಕ್ಕಪ್ಪನ ಜೊತೆ ಅವತ್ತಿನಿಂದ ಮಾತಿಲ್ಲ.

ಇನ್ನು ಆಲ್ಡ್ರಿಕ್‌ನ ತಾಯಿ, ನಾವು ಮಾ ಜೊಸೆಟ್ ಎಂದು ಕರೆಯುವ ಮುದುಕಿ, ವಿಂಡ್‌ವರ್ಡಿನ ತಮ್ಮ ಅಂಗಳದಲ್ಲೇ ಆಗಲಿ ಎಂದಳು. ಆದರೆ ನಮ್ಮಲ್ಲಿ ಮದುವೆಯೆಂದರೆ ಹೆಣ್ಣಿನ ಮನೆಯಿಂದ ಒಂದು ಬಾವುಟ, ಒಂದು ಕೇಕು ಹೊರಡಬೇಕು. ಗಂಡಿನ ಮನೆಯಿಂದ ಒಂದು ಬಾವುಟ, ಒಂದು ಕೇಕು ಬರಬೇಕು. ದಾರಿಯಲ್ಲಿ ಎರಡೂ ಎದುರಾಗಿ, ಪಿಟೀಲು ಡೋಲಿನ ಜೊತೆ ಕುಣಿದು, ಒಂದನ್ನೊಂದು ಬಾಗಿಸಬೇಕು. ಅದಕ್ಕೂ ಮೊದಲು ಹೆಣ್ಣಿನ ಮನೆಯ ಕೋಣೆಯೊಂದರಲ್ಲಿ ಸತ್ತ ಹಿರಿಯರಿಗೆ ಎಡೆ ಇಟ್ಟು ಬಾಗಿಲು ಹಾಕಬೇಕು. ಹೆಣ್ಣಿಗೆ ಮನೆಯೇ ಇಲ್ಲದಿದ್ದರೆ ಬಾವುಟ ಎಲ್ಲಿಂದ ಹೊರಡಬೇಕು? ನನ್ನ ಅಂಗಡಿಯಿಂದ ಹೊರಡಲಿ ಎಂದೆ. ಅವಳು ನನ್ನ ಹೊಲಿಗೆ ಮಿಷನ್ನನ್ನು ಒಂದು ಸಲ, ಕಿಟಕಿಯನ್ನು ಒಂದು ಸಲ ನೋಡಿದಳು. ಬೇರೆ ಯಾವುದಾದರೂ ದ್ವೀಪದಲ್ಲಿ ಒಳ್ಳೆಯ ಸಣ್ಣ ರೆಸಾರ್ಟು ನೋಡೋಣ, ಅಲ್ಲಿಗೆ ಎರಡೂ ಕಡೆಯವರು ಅತಿಥಿಗಳಾಗಿ ಹೋಗೋಣ, ಯಾರ ಮನೆ ಎಂಬ ಮಾತೇ ಬರುವುದಿಲ್ಲ ಎಂದಳು. ಆಲ್ಡ್ರಿಕ್ ಒಪ್ಪಿದ. ಅವಳು ಏನು ಕೇಳಿದರೂ ಒಪ್ಪುವವನು ಅವನು, ಆ ದಿನಗಳಲ್ಲಿ.

ಅವನ ಸ್ವಂತ ದೋಣಿಯಲ್ಲಿ ಹೊರಟೆವು. ಮದುವೆಗೆ ಮುಂಚೆ ಇಬ್ಬರೇ ಹೋಗುವುದು ಸರಿಯಲ್ಲ ಎಂದು ಮಾ ಜೊಸೆಟ್ ನನ್ನನ್ನು ಜೊತೆ ಮಾಡಿದಳು. ನಲವತ್ತು ದಾಟಿದವರಿಗೆ ಕಾವಲು ಯಾಕೆ ಎಂದರೆ, "ನಲವತ್ತು ದಾಟಿದವರಿಗೇ ಅವಸರ ಜಾಸ್ತಿ" ಎಂದಳು.

ಮೊದಲು ಯೂನಿಯನ್ ದ್ವೀಪ. ದಡದಲ್ಲೇ ಸಾಲು ಕುಟೀರಗಳು, ತೂಗುಮಂಚ, ಬೆಳ್ಳಗಿನ ಮರಳು. ಡೆಲ್ಫೀನ್ ಹೋದವಳೇ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಂತಳು. ಇಲ್ಲಿ ಪಾದ್ರಿಯ ಮಾತು ಮೀನುಗಳಿಗೆ ಮಾತ್ರ ಕೇಳಿಸುತ್ತದೆ ಎಂದಳು. ಇನ್ನೊಂದು ಕಡೆ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಮೆಟ್ಟಿಲು ಹೆಚ್ಚಾದವು. ಮತ್ತೊಂದು ದ್ವೀಪದಲ್ಲಿ ನೀರು ತೀರಾ ಶಾಂತ, ಕೊಳದ ಹಾಗಿದೆ ಎಂದು ಬೇಡವೆಂದಳು. ಹೋದಲ್ಲೆಲ್ಲ ಮೊದಲು ಬಚ್ಚಲಿನ ನೀರು ಬಿಟ್ಟು ನೋಡುವಳು, ಮೇಜಿನ ಬಟ್ಟೆಯ ಅಂಚು ತಿರುಗಿಸಿ ನೋಡುವಳು. ಒಂದು ರೆಸಾರ್ಟಿನಲ್ಲಿ ಅದೇ ದಿನ ಯಾರದ್ದೋ ಮದುವೆ ಇತ್ತು. ಹೂವಿನವಳು ಬಂದಿರಲಿಲ್ಲ, ಮದುಮಗಳು ಅಳುತ್ತಿದ್ದಳು. ನಾವು ಜಾಗ ನೋಡಲು ಬಂದವರು. ಸ್ವಲ್ಪ ಹೊತ್ತಿಗೆ ಡೆಲ್ಫೀನ್ ಬೇಲಿಯ ಬೋಗನ್‌ವಿಲ್ಲಾ ಕೊಯ್ದು ಕಮಾನು ಕಟ್ಟುತ್ತಿದ್ದಳು, ನಾನು ಸೂಜಿ ಹಿಡಿದು ಯಾರದೋ ಕಿತ್ತ ಅಂಚು ಹೊಲಿಯುತ್ತಿದ್ದೆ, ಆಲ್ಡ್ರಿಕ್ ಕುರ್ಚಿ ಹೊರುತ್ತಿದ್ದ. ಸಂಜೆ ಅವರು ನಮಗೆ ಊಟ ಹಾಕಿದರು. ನಮ್ಮ ಮದುವೆಗೆ ಜಾಗ ಕೇಳುವುದು ಮರೆತೇ ಹೋಯಿತು.

ಕೊನೆಗೆ ಬೆಕ್ವೇ ದ್ವೀಪ. ಗುಡ್ಡದ ಇಳಿಜಾರಿನಲ್ಲಿ ಹಳೆಯ ಮರದ ಕಟ್ಟಡ, ಎದುರಿಗೆ ಕೊಲ್ಲಿ, ಗಾಳಿಯೂ ಹದ, ಅಡುಗೆಯೂ ರುಚಿ. ಶಂಖದ ಮಾಂಸದ ಸಾರು ಬಡಿಸಿದರು, ಆಲ್ಡ್ರಿಕ್ ಎರಡು ಸಲ ಹಾಕಿಸಿಕೊಂಡ. ಡೆಲ್ಫೀನ್ ಹುಡುಕಿದರೂ ಒಂದು ಕೊರತೆ ಸಿಗಲಿಲ್ಲ. ಮ್ಯಾನೇಜರ್ ಲಾವಿನಿಯಾ ಎಂಬಾಕೆ ತಿಳುವಳಿಕಸ್ಥೆ. ಏನು ಬೇಕಾದರೂ ಹೇಳಿ, ಮಾಡೋಣ ಎಂದಳು. ಆಗ ಡೆಲ್ಫೀನ್, ಮದುವೆಯ ಹಿಂದಿನ ದಿನ ಒಂದು ಸಣ್ಣ ಕೋಣೆ, ಒಂದು ಮೇಜು ಬೇಕು, ಬಾಗಿಲು ಹಾಕಿದ ಮೇಲೆ ಯಾರೂ ಒಳಗೆ ಹೋಗಬಾರದು ಎಂದಳು. ಉಡುಗೊರೆ ಇಡುವುದಕ್ಕಾ ಎಂದು ಲಾವಿನಿಯಾ ಕೇಳಿದಳು.

"ಅಮ್ಮ ಊಟ ಮಾಡಬೇಕು" ಎಂದಳು ಡೆಲ್ಫೀನ್.

"ಅಯ್ಯೋ, ಅವರಿಗೆ ಜನರ ಮಧ್ಯೆ ಕೂರೋಕೆ ಆಗಲ್ವಾ? ಅದಕ್ಕೇನಂತೆ, ರೂಮಿಗೇ ಕಳಿಸೋಣ. ಪಥ್ಯ ಏನಾದ್ರೂ ಇದೆಯಾ?"

"ಉಪ್ಪು ಹಾಕಬಾರದು. ಸತ್ತು ಬಹಳ ವರ್ಷ ಆಯ್ತು."

ಲಾವಿನಿಯಾ ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟಳು. ಆಮೇಲೆ, ನಮ್ಮಜ್ಜಿಯೂ ಹೀಗೇ ಏನೋ ಮಾಡುತ್ತಿದ್ದಳು, ಆಗಲಿ, ಕೋಣೆ ಕೊಡುತ್ತೇನೆ ಎಂದಳು. ಆಲ್ಡ್ರಿಕ್ ನಿಟ್ಟುಸಿರು ಬಿಟ್ಟ. ಜಾಗ ಸಿಕ್ಕಿತು ಎಂದು ನಾನೂ ಅಂದುಕೊಂಡೆ. ದೋಣಿಕಟ್ಟೆಗೆ ಇಳಿಯುವಾಗ ಡೆಲ್ಫೀನ್ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಅಮ್ಮನಿಗೆ ಇಲ್ಲಿಗೆ ದಾರಿ ಗೊತ್ತಾಗಲ್ಲ ಕಣೇ ಕ್ಲೆಮಿ. ಬದುಕಿದ್ದಾಗ ಫೆರಿ ಹತ್ತಿದ್ರೇ ವಾಂತಿ ಮಾಡ್ಕೋತಿದ್ಲು. ಸತ್ತ ಮೇಲೆ ಬೆಕ್ವೇಗೆ ಬಂದು ಊಟ ಮಾಡ್ತಾಳಾ?"

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಬರುವಾಗ ಸಮುದ್ರ ಒರಟಾಗಿತ್ತು. ಎಲ್ಲರೂ ಒದ್ದೆ. ಬೆಕ್ವೇಯೂ ಬೇಡ ಎಂದು ಅವಳು ಹೇಳಿದಾಗ ಆಲ್ಡ್ರಿಕ್ ಚುಕ್ಕಾಣಿಯಿಂದ ಕಣ್ಣು ತೆಗೆಯಲಿಲ್ಲ. ಸುಮಾರು ದೂರ ಬಂದ ಮೇಲೆ ಕೇಳಿದ: "ಡೆಲ್ಫೀನ್, ನಿನಗೆ ಜಾಗ ಬೇಕಾಗಿದೆಯಾ, ಇಲ್ಲಾ ಜಾಗ ಸಿಗದೇ ಇರಲಿ ಅಂತ ಬೇಕಾಗಿದೆಯಾ?"

ಅವಳು ಗೊತ್ತಿಲ್ಲ ಎಂದಳು. ಸುಳ್ಳು ಹೇಳಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಮರುವಾರ ಅವನು ಪಿಟಿ ಮಾರ್ಟಿನೀಕ್ ದ್ವೀಪದಲ್ಲಿ ಮೀನುಗಾರಿಕೆ ದೋಣಿ ಕಟ್ಟುವ ಕೆಲಸ ಒಪ್ಪಿಕೊಂಡು ಅಲ್ಲಿಗೇ ಹೋಗಿ ಉಳಿದ. ಅದು ವಿಂಡ್‌ವರ್ಡಿನ ಎದುರಿಗೇ ಕಾಣುವ ದ್ವೀಪ, ದಿನಾ ಹೋಗಿ ಬರಬಹುದು. ಅವನು ಬರಲಿಲ್ಲ. ಇವಳೂ ಹೋಗಲಿಲ್ಲ.

ಆ ದಿನಗಳಲ್ಲಿ ಡೆಲ್ಫೀನ್‌ಳನ್ನು ಹಿಡಿಯುವುದೇ ಕಷ್ಟವಾಗಿತ್ತು. ಕೆಲಸ ಮುಗಿದ ಮೇಲೂ ಮನೆಗೆ ಹೋಗಳು. ಹಿಲ್ಸ್‌ಬರೋ ಬೀದಿಯ ಈ ತುದಿಯಿಂದ ಆ ತುದಿಗೆ, ಜೆಟ್ಟಿಯ ಕೊನೆಗೆ, ಅಲ್ಲಿಂದ ಮತ್ತೆ ಮಾರುಕಟ್ಟೆಗೆ. ತೊಗರಿಕಾಯಿ ಸುಲಿಯುತ್ತ ಕೂತ ಹೆಂಗಸರು, "ಏನಮ್ಮಾ, ದಾರಿ ಸವೆಯುತ್ತೆ" ಎಂದು ಛೇಡಿಸಿದರೆ ಅವಳು ಎರಡು ಕಾಯಿ ಸುಲಿದುಕೊಟ್ಟು ಮುಂದೆ ಹೋಗುವಳು. ನಾನು ಬಾವುಟದ ಬಟ್ಟೆ ಕತ್ತರಿಸಿ ಇಟ್ಟಿದ್ದೆ. ಹೊಲಿಯಲೋ ಬೇಡವೋ ಎಂದು ಕೇಳಲು ಧೈರ್ಯ ಬರಲಿಲ್ಲ.

ಹೀಗಿರುವಾಗ ಕೆನಡಾದ ಒಂದು ಜೋಡಿ ಜಾಗ ನೋಡಲು ಫೋನು ಮಾಡಿತು. ನಾನು ಅವತ್ತು ರೆಸಾರ್ಟಿನ ಜಗಲಿಯಲ್ಲಿ ಪರದೆ ಹೊಲಿಯುತ್ತಿದ್ದೆ. ಡೆಲ್ಫೀನ್ ಎಂದಿನ ಹಾಗೆ ಮರಳಿನ ಮೇಲೆ ನಡೆದು ಎಲ್ಲ ತೋರಿಸಿದಳು. ಮದುಮಗಳಾಗುವವಳು ಒಳ್ಳೆಯ ಹುಡುಗಿ. ಅವಳಿಗೆ ಎಲ್ಲವೂ ಚೆನ್ನಾಗಿಯೇ ಕಂಡಿತು, ಅದರಿಂದಲೇ ತೀರ್ಮಾನವಾಗಲಿಲ್ಲ. ಕೊನೆಗೆ, "ನಿಮ್ಮದೇ ಮದುವೆ ಆಗಿದ್ರೆ ನೀವು ಎಲ್ಲಿ ನಿಲ್ತಿದ್ರಿ?" ಎಂದು ಕೇಳಿದಳು. ಡೆಲ್ಫೀನ್ ನಡೆಯತೊಡಗಿದಳು. ಮರಳು ಬಿಟ್ಟು ಮೆಟ್ಟಿಲು ಹತ್ತಿದಳು, ಬಾರಿನ ಹಲಗೆಯ ಮೇಲೆ ಬಂದಳು, ಲೋಟಗಳ ಕಪಾಟು ದಾಟಿ ಮೂಲೆಯಲ್ಲಿ ನಿಂತಳು.

"ಇಲ್ಲಿ" ಎಂದಳು.

ಆ ಹುಡುಗಿ ನಕ್ಕಳು. "ಬಾರಿನಲ್ಲಾ?"

"ಇದು ನಮ್ಮಮ್ಮನ ಒಲೆ ಇದ್ದ ಜಾಗ."

ಫೋನು ಹಿಡಿದ ಕೈ ಕೆಳಗಿಳಿಯಿತು. ಫೋನಿನೊಳಗಿಂದ ಹಲೋ ಹಲೋ ಎನ್ನುತ್ತಿದ್ದರು. ನಾನು ಹೋಗಿ ಅದನ್ನು ತೆಗೆದುಕೊಂಡು, ಆಮೇಲೆ ಮಾಡುತ್ತೇವೆ ಎಂದು ಹೇಳಿ ಇಟ್ಟೆ. ಡೆಲ್ಫೀನ್ ಅಲ್ಲೇ ನಿಂತಿದ್ದಳು, ಅಲುಗಾಡದೆ. ಅವಳು ಹಾಗೆ ನಿಂತದ್ದು ನೋಡಿ ನನಗೆ ಹೆದರಿಕೆಯಾಯಿತು.

ಆ ಜೋಡಿ ಮಾರ್ಗೋ ಕೊಲ್ಲಿ ಬೇಡವೆಂದು ಬರೆದರು. ಇನ್ನೊಬ್ಬರ ಮನೆಯ ಒಲೆಯ ಮೇಲೆ ನಿಂತು ಕುಡಿಯಲು ತಮಗೆ ಮನಸ್ಸಾಗುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಕಾರಣವನ್ನೂ ಬರೆದರು. ರೆಸಾರ್ಟಿನ ಒಡತಿ ಮಿಸೆಸ್ ಹಾಲ್ವರ್ಸನ್ ಡೆಲ್ಫೀನ್‌ಳನ್ನು ಕರೆಸಿದಳು. ಗಂಡ ಸತ್ತ ಮೇಲೂ ಊರಿಗೆ ಹೋಗದೆ ಇಲ್ಲೇ ಉಳಿದ ಹೆಂಗಸು ಆಕೆ, ಕೆಟ್ಟವಳಲ್ಲ. ಒಳಗೆ ನಡೆದ ಮಾತು ಡೆಲ್ಫೀನ್ ನನಗೆ ಆಮೇಲೆ ಹೇಳಿದ್ದು. ನಾವು ಕೊಂಡಾಗ ಇಲ್ಲಿ ಬಿದ್ದ ಗೋಡೆ, ಒಂದು ತೊಟ್ಟಿ ಬಿಟ್ಟರೆ ಏನೂ ಇರಲಿಲ್ಲ, ಯಾರದೆಂದು ಕೇಳಲು ತೋಚಲಿಲ್ಲ ಎಂದು ಮಿಸೆಸ್ ಹಾಲ್ವರ್ಸನ್ ಹೇಳಿದಳಂತೆ. ಇಷ್ಟು ವರ್ಷ ನನ್ನ ಜೊತೆ ಇದ್ದು ಯಾಕೆ ಹೇಳಲಿಲ್ಲ ಎಂದಳಂತೆ.

"ಹೇಳಿದ್ರೆ ನೀವು ಪಾಪ ಅಂತಿದ್ರಿ. ಪಾಪ ಅನ್ನಿಸ್ಕೊಂಡು ದಿನಾ ಕೆಲಸಕ್ಕೆ ಬರೋದು ಹೇಗೆ?" ಎಂದಿದ್ದಳು ಇವಳು.

ಒಡತಿ, ಇಡೀ ರೆಸಾರ್ಟು ನಿನ್ನ ಮದುವೆಗೆ ಬಿಟ್ಟುಕೊಡುತ್ತೇನೆ, ನನ್ನ ಕಡೆಯಿಂದ ಉಡುಗೊರೆ ಎಂದಳು. ಡೆಲ್ಫೀನ್ ಬೇಡವೆಂದಳು. ನಮ್ಮ ನೆಲದಲ್ಲಿ ಅತಿಥಿಯಾಗಿ ನಿಲ್ಲಲು ನನಗಾಗುವುದಿಲ್ಲ. ಬಾರು ಎರಡು ದಿನದ ಮಟ್ಟಿಗೆ ಬೇಕು, ಅಲ್ಲಿ ಅಮ್ಮನಿಗೆ ಎಡೆ ಇಡಬೇಕು, ಅಲ್ಲಿಂದ ನನ್ನ ಬಾವುಟ ಹೊರಡಬೇಕು, ಮದುವೆ ವಿಂಡ್‌ವರ್ಡಿನ ಅಂಗಳದಲ್ಲಿ ಆಗುತ್ತದೆ. ಹಾಗೆ ಹೇಳುವವರೆಗೂ ತನಗೇನು ಬೇಕೆಂದು ತನಗೇ ಗೊತ್ತಿರಲಿಲ್ಲ ಎಂದು ನನ್ನ ಹತ್ತಿರ ಹೇಳಿದಳು. ಮಿಸೆಸ್ ಹಾಲ್ವರ್ಸನ್ ಒಪ್ಪಿದಳು. ಆದರೆ ಸೀಸನ್ ಪೂರ್ತಿ ಅತಿಥಿಗಳಿದ್ದರು. ರೆಸಾರ್ಟು ಮುಚ್ಚುವುದು ಸೆಪ್ಟೆಂಬರಿನಲ್ಲಿ, ಚಂಡಮಾರುತದ ತಿಂಗಳು. ಆ ತಿಂಗಳು ನಮ್ಮಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಡೆಲ್ಫೀನ್ ಸೆಪ್ಟೆಂಬರೇ ಆಗಲಿ ಎಂದಳು.

ಇಷ್ಟೆಲ್ಲ ಒಪ್ಪಿಸಿಕೊಂಡ ಮೇಲೆ, ಗಂಡನ್ನು ಒಪ್ಪಿಸುವುದು ಬಾಕಿ ಇದೆ ಎಂದು ನಾನು ನೆನಪಿಸಿದೆ. ಅವಳು ಸಿಕ್ಕ ದೋಣಿ ಹತ್ತಿ ಪಿಟಿ ಮಾರ್ಟಿನೀಕಿಗೆ ಹೋದಳು. ಅಲ್ಲಿ ಆಲ್ಡ್ರಿಕ್ ಅರ್ಧ ಹಲಗೆ ಹೊದಿಸಿದ ದೋಣಿಯ ಪಕ್ಕ ನಿಂತಿದ್ದ. ಬಾ ಎನ್ನಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ. ಹಲಗೆಯ ಇನ್ನೊಂದು ತುದಿ ಹಿಡಿ ಎಂದ. ಅದು ಬಿಸಿ ಆವಿಯಲ್ಲಿ ಬೆಂದ ಹಲಗೆ; ಬಾಗಿಸಿ ಮೊಳೆ ಹೊಡೆಯುವವರೆಗೆ ಕೈ ಬಿಡುವ ಹಾಗಿಲ್ಲ. ಅವಳು ಅದನ್ನು ಹಿಡಿದುಕೊಂಡೇ ಎಲ್ಲ ಹೇಳಿದಳು: ಫೋನು, ಒಲೆ, ಒಡತಿ, ಸೆಪ್ಟೆಂಬರು. ಅವನು ಮೊಳೆ ಹೊಡೆಯುವುದು ನಿಲ್ಲಿಸಲಿಲ್ಲ. ಕೊನೆಯ ಮೊಳೆ ಆದ ಮೇಲೆ, "ಗಾಳಿ ಬಂದ್ರೆ?" ಎಂದ.

"ಬರಲಿ. ಓಡಿ ಓಡಿ ನನಗೂ ಸಾಕಾಗಿದೆ."

"ಸಾಕಾಗಿದೆ ಅಂತ ನೀನು ಹೇಳ್ತೀಯ. ನಿನ್ನ ಕಾಲು ಹೇಳುತ್ತಾ?"

"ಕಾಲಿನ ಮಾತು ಬಿಡು. ಬರ್ತೀಯೋ ಇಲ್ವೋ?"

ಬರುತ್ತೇನೆ ಎಂದ. ಅವಳ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅವನೇ ಅದಕ್ಕೆ ಲೋಳೆಸರದ ರಸ ಹಚ್ಚಿ ಕರೆದುಕೊಂಡು ಬಂದ.

ಮದುವೆಗೆ ವಾರ ಇದ್ದಾಗ ಒಂದು ತೊಡಕು ಬಂತು. ಎಡೆ ಇಟ್ಟ ಮೇಲೆ ನೆಲಕ್ಕೆ ನೀರೂ ರಮ್ಮೂ ಸುರಿದು ಸತ್ತವರನ್ನು ಹೆಸರು ಹಿಡಿದು ಕರೆಯಬೇಕಾದವರು ಮನೆತನದ ಹಿರಿಯರು. ಕುಡ್ಜೋಗಳಲ್ಲಿ ಉಳಿದ ಹಿರಿಯ ಚಿಕ್ಕಪ್ಪ ಎಫ್ರಾಯಿಮ್ ಒಬ್ಬನೇ. ಡೆಲ್ಫೀನ್, ಪಾದ್ರಿಯೇ ಸುರಿಯಲಿ ಎಂದಳು. ಪಾದ್ರಿ, ಅದು ನನ್ನ ಕೆಲಸವಲ್ಲ ಎಂದರು. ಹಾಗಾದರೆ ಕ್ಲೆಮಿ ಸುರಿಯಲಿ ಎಂದಳು. ನಾನು ತಾಯಿಯ ಕಡೆಯವಳು, ನನ್ನ ಕರೆ ಅವಳಪ್ಪನಿಗೆ ಕೇಳಿಸುವುದಿಲ್ಲ. ಮಾ ಜೊಸೆಟ್ ಈ ಮಾತುಕತೆಯಲ್ಲಿ ಬಾಯಿ ಹಾಕಲಿಲ್ಲ. ಸುಮ್ಮನೆ ಬ್ರೂಕ್ಲಿನ್ನಿಗೆ ಫೋನು ಮಾಡಿಬಿಟ್ಟಳು.

ಮದುವೆಯ ಹಿಂದಿನ ದಿನ, ಶುಕ್ರವಾರ, ಬೆಳಗಿನಿಂದಲೇ ರೇಡಿಯೋ ಗಾಳಿಯ ಸುದ್ದಿ ಹೇಳುತ್ತಿತ್ತು. ಪೂರ್ವದಲ್ಲಿ ಎದ್ದಿದೆ, ನಮ್ಮ ಕಡೆ ತಿರುಗಲೂಬಹುದು. ಆಕಾಶ ತಾಮ್ರದ ತಟ್ಟೆಯ ಬಣ್ಣಕ್ಕೆ ಬಂದಿತ್ತು. ಹಿಲ್ಸ್‌ಬರೋದಲ್ಲಿ ಜನ ಕಿಟಕಿಗೆ ಹಲಗೆ ಹೊಡೆಯುತ್ತಿದ್ದರೆ ನಾವು ಮಾರ್ಗೋ ಕೊಲ್ಲಿಯ ಖಾಲಿ ಬಾರಿನಲ್ಲಿ ಬೆಳ್ಳಗಿನ ಬಟ್ಟೆ ಹಾಸಿದ ಮೇಜಿನ ಮೇಲೆ ಎಡೆ ಜೋಡಿಸುತ್ತಿದ್ದೆವು. ಕೂಕೂ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಉಂಡೆ ಅನ್ನ, ಕೋಳಿ, ತೊಗರಿಕಾಳು, ಎಲ್ಲ ಉಪ್ಪಿಲ್ಲದ್ದು. ದೊಡ್ಡಮ್ಮನಿಗೆ ಇಷ್ಟವೆಂದು ಒಂದು ಹೋಳು ಸುಟ್ಟ ದೀವಿಹಲಸು. ಬಾರಿನ ಬಾಟಲಿಗಳನ್ನೆಲ್ಲ ಮಿಸೆಸ್ ಹಾಲ್ವರ್ಸನ್ ತಾನೇ ತೆಗೆಸಿ, ತನಗೆ ಇಲ್ಲಿ ಜಾಗವಿಲ್ಲವೆಂದು ತಿಳಿದು ದೂರ ಹೋಗಿದ್ದಳು.

ಆಗ ಗೇಟಿನ ಹತ್ತಿರ ಮುದುಕನೊಬ್ಬ ಕಾಣಿಸಿದ. ದಪ್ಪ ಕೋಟು, ಕೈಯಲ್ಲಿ ಹ್ಯಾಟು. ಗಾಳಿಯ ಹೆದರಿಕೆಗೆ ನಿಲ್ಲಿಸುವ ಮುಂಚಿನ ಕೊನೆಯ ಫೆರಿಯಲ್ಲಿ ಬಂದಿದ್ದ. ಗೇಟು ದಾಟಲಿಲ್ಲ. ಡೆಲ್ಫೀನ್ ನೋಡಿದಳು. ಕೈಯಲ್ಲಿದ್ದ ತಟ್ಟೆ ಇಟ್ಟಳು, ಮತ್ತೆ ಎತ್ತಿದಳು, ಇನ್ನೊಂದು ಕಡೆ ಇಟ್ಟಳು. ನಂತರ ಮಾ ಜೊಸೆಟ್ ಕಡೆಗೆ ತಿರುಗಿ, ಕರೆಸಿದ್ದು ನೀವಾ ಎಂದಳು.

"ನಾನೇ" ಎಂದಳು ಮುದುಕಿ. "ಬೈಯೋದಿದ್ರೆ ನಾಳೆ ಬೈ. ನಾಳೆಯಿಂದ ಸೊಸೆ ಆಗ್ತೀಯಲ್ಲ, ಹಕ್ಕು ಬರುತ್ತೆ. ಇವತ್ತು ಅವನನ್ನ ಒಳಗೆ ಕರಿ. ನಿನ್ನಪ್ಪನ ಹೆಸರು ಹಿಡಿದು ಕರೆಯೋಕೆ ಭೂಮಿ ಮೇಲೆ ಇನ್ಯಾರೂ ಇಲ್ಲ."

ಡೆಲ್ಫೀನ್ ಗೇಟಿನವರೆಗೆ ನಡೆದಳು. ಅಷ್ಟು ನಿಧಾನವಾಗಿ ಅವಳು ನಡೆದದ್ದು ನಾನು ಕಂಡಿರಲಿಲ್ಲ. ಅಲ್ಲಿ ಏನಾದರೂ ಮಾತಾಯಿತೋ ಇಲ್ಲವೋ ನಮಗೆ ಕೇಳಿಸಲಿಲ್ಲ. ಅವಳು ಗೇಟು ತೆರೆದು ಹಿಡಿದಳು, ಮುದುಕ ಒಳಗೆ ಬಂದ.

ಬಾರಿನ ಹಲಗೆಯ ಒಂದು ತುಂಡನ್ನು ಆಲ್ಡ್ರಿಕ್ ಎತ್ತಿಟ್ಟಿದ್ದ, ಕೆಳಗಿನ ಮಣ್ಣು, ತೊಟ್ಟಿಯ ಕಲ್ಲು ಕಾಣುವ ಹಾಗೆ. ಎಫ್ರಾಯಿಮ್ ಮೊಣಕಾಲೂರಿ ಕೂತ. ಚೊಂಬು ಬಾಗಿಸುವಾಗ ಅರ್ಧ ನೀರು ಅವನ ಕೋಟಿನ ಮೇಲೇ ಬಿತ್ತು. ಅಪ್ಪನ ಹೆಸರು, ಅಜ್ಜನ ಹೆಸರು, ಅಣ್ಣನ ಹೆಸರು ಕರೆದ. ಆಮೇಲೆ, "ಇಸ್ಮೇ ಅತ್ತಿಗೆ" ಎಂದು ಕರೆದು ಚೊಂಬನ್ನು ಕೆಳಗಿಟ್ಟ. ನಾವು ಕಾದೆವು. ಹೊರಗೆ ತೆಂಗಿನ ಗರಿಗಳು ಬಡಿದಾಡುತ್ತಿದ್ದವು.

"ಅತ್ತಿಗೆ, ಮನೆ ಮಾರಿದ್ದು ನಾನು" ಎಂದ. "ಹುಡುಗಿ ಅಲ್ಲ. ಹುಡುಗಿ ನಿಮಗೆ ಅಡುಗೆ ಮಾಡಿದ್ದಾಳೆ. ಊಟ ಮಾಡಿ."

ಹಾಗೆಂದು ರಮ್ಮು ಸುರಿದ. ನಾವು ಹೊರಗೆ ಬಂದೆವು, ಬಾಗಿಲು ಹಾಕಿದೆವು. ಡೆಲ್ಫೀನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಳುತ್ತಾಳೆಂದು ನಾನು ಹತ್ತಿರ ಹೋದೆ. ಅಳುತ್ತಿರಲಿಲ್ಲ. ಒಳಗಿನ ಸದ್ದಿಗೆ ಕಿವಿ ಕೊಟ್ಟಿದ್ದಳು.

ಬಾಗಿಲು ತೆಗೆದಾಗ ತಟ್ಟೆಗಳು ಇಟ್ಟ ಹಾಗೇ ಇದ್ದವು, ದೀವಿಹಲಸಿನ ಹೋಳು ಮಾತ್ರ ನೆಲದ ಮೇಲಿತ್ತು. ಗಾಳಿ ಎಂದು ಪಾದ್ರಿ ಹೇಳಿದರು. ಮಾ ಜೊಸೆಟ್ ಪಾದ್ರಿಯ ಮುಖವನ್ನೇ ನೋಡಿದಳು, ಅವರು ರೇಡಿಯೋ ಕಡೆಗೆ ತಿರುಗಿದರು. ಪದ್ಧತಿಯ ಪ್ರಕಾರ ಎಡೆಯ ಊಟಕ್ಕೆ ನೆರೆಯವರೆಲ್ಲ ಮುಗಿಬಿದ್ದರು. ಕೋಳಿಯ ಕಾಲಿಗೆ ಇಬ್ಬರು ಹೆಂಗಸರು ಜಗಳವಾಡಿದರು.

ಮದುವೆ ಮರುದಿನ ಆಗಬೇಕಿತ್ತು. ರೇಡಿಯೋ ಕೇಳಿದ ಪಾದ್ರಿ, ನಾಳೆಯವರೆಗೆ ಕಾಯುವುದು ಬೇಡ, ಇವತ್ತೇ ಮುಗಿಸೋಣ ಎಂದರು. ಅಂಚು ಪೂರ್ತಿ ಹೊಲಿಯದ ಉಡುಪನ್ನೇ ಡೆಲ್ಫೀನ್ ಹಾಕಿಕೊಂಡಳು. ಲಾರಿಯಲ್ಲಿ ಹೋಗುತ್ತ ನಾನು ಅವಳ ಕಾಲ ಬಳಿ ಕೂತು ಹೊಲಿದೆ, ಪ್ರತಿ ತಿರುವಿನಲ್ಲೂ ಅವಳಿಗೆ ಸೂಜಿ ಚುಚ್ಚಿದೆ. ವಿಂಡ್‌ವರ್ಡಿನ ದಾರಿಯಲ್ಲಿ ಗಂಡಿನ ಬಾವುಟ ಎದುರಾಯಿತು. ಕಡೆಯಲ್ಲಿ ಹೆಣ್ಣಿನ ಬಾವುಟ ಬಾಗಬೇಕು, ಅದು ನಮ್ಮಲ್ಲಿ ಹಳೆಯ ನೇಮ. ನಮ್ಮ ಬಾವುಟ ಹಿಡಿದವನು ಮಾರ್ಗೋ ಕೊಲ್ಲಿಯ ತೋಟದ ಕೆಲಸದವನು, ಹಟಮಾರಿ. ಎಷ್ಟು ಹೊತ್ತು ಕುಣಿದರೂ ಬಾಗಲಿಲ್ಲ. ಪಿಟೀಲಿನವನು ಸುಸ್ತಾದ. ಮಳೆ ಹನಿಯತೊಡಗಿತು, ಪಾದ್ರಿ ಗಡಿಯಾರ ನೋಡಿದರು. ಕೊನೆಗೆ ಆಲ್ಡ್ರಿಕ್ ತಾನೇ ಬಂದು ತನ್ನ ಕಡೆಯ ಬಾವುಟವನ್ನು ಬಾಗಿಸಿದ. ವಿಂಡ್‌ವರ್ಡಿನ ಗಂಡಸರು ಅವನನ್ನು ಇವತ್ತಿಗೂ ಅದಕ್ಕಾಗಿ ಛೇಡಿಸುತ್ತಾರೆ. ಅವನು ನಗುತ್ತಾನೆ ಅಷ್ಟೇ.

ಗಾಳಿ ಉತ್ತರಕ್ಕೆ ತಿರುಗಿತು. ನಮಗೆ ಬರೀ ಮಳೆ ಬಂತು, ಒಂದೆರಡು ತಗಡು ಹಾರಿತು.

ಮದುವೆಯಾದ ಮೇಲೆ ಡೆಲ್ಫೀನ್ ಸಮಾಧಾನವಾಗಿ ಕೂರುತ್ತಾಳೆ ಎಂದು ನಾವೆಲ್ಲ ಎಣಿಸಿದ್ದೆವು. ಸೀಸನ್ ಶುರುವಾದಾಗ ಕೆಲಸಕ್ಕೆ ಹೋದಳು, ಕೆಲವು ವಾರ ಫೋನು ಹಿಡಿದು ನಡೆದಳು, ಒಂದು ಮಧ್ಯಾಹ್ನ ಬಿಟ್ಟು ಬಂದಳು. ಮಿಸೆಸ್ ಹಾಲ್ವರ್ಸನ್ ಕಾರು ಮಾಡಿಕೊಂಡು ವಿಂಡ್‌ವರ್ಡಿನವರೆಗೆ ಬಂದು ಕರೆದಳು. ನಿಮ್ಮ ಮೇಲೆ ಸಿಟ್ಟಿಲ್ಲ, ಆದರೆ ಅಮ್ಮ ಊಟ ಮಾಡಿದ ಜಾಗದಲ್ಲಿ ಇನ್ನು ಬಂದವರಿಗೆ ಬಿಯರು ಕೊಡಲು ಕೈ ಬರುವುದಿಲ್ಲ ಎಂದಳು ಡೆಲ್ಫೀನ್. ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ಸ್ವಲ್ಪ ದಿನ, ಫೆರಿಯ ಟಿಕೆಟು ಕಿಟಕಿಯಲ್ಲಿ ಸ್ವಲ್ಪ ದಿನ. ಈಗ ಆಲ್ಡ್ರಿಕ್ ಜೊತೆ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸುತ್ತಾಳೆ. ಬೆಕ್ವೇಗೆ ಹೋದಾಗಲೆಲ್ಲ ಲಾವಿನಿಯಾಳನ್ನು ಕಂಡು ಬರುತ್ತಾಳಂತೆ.

ವಿಂಡ್‌ವರ್ಡಿನ ಮೇಲಿನ ಗುಡ್ಡದಲ್ಲಿ ಇಬ್ಬರೂ ಒಂದು ಮನೆ ಕಟ್ಟಲು ಶುರುಮಾಡಿದ್ದಾರೆ. ಗೋಡೆ ಎದ್ದಿದೆ. ಬಾಗಿಲು ಎಲ್ಲಿ ಬರಬೇಕೆಂದು ಅವಳು ಎರಡು ಸಲ ಮನಸ್ಸು ಬದಲಾಯಿಸಿದ್ದಾಳೆ, ಅವನು ಎರಡು ಸಲ ಕಲ್ಲು ಬಿಚ್ಚಿ ಕಟ್ಟಿದ್ದಾನೆ.

ಎಫ್ರಾಯಿಮ್ ಬ್ರೂಕ್ಲಿನ್ನಿಗೆ ವಾಪಸು ಹೋದ. ಹೋಗುವಾಗ ಅವಳು ಜೆಟ್ಟಿಗೆ ಬರಲಿಲ್ಲ. ಆದರೆ ಭಾನುವಾರ ಅವನು ಫೋನು ಮಾಡಿದರೆ ಎತ್ತುತ್ತಾಳೆ. ಮಳೆ ಬಂತಾ ಎಂದು ಅವನು ಕೇಳುತ್ತಾನೆ, ಬಂತು ಅಥವಾ ಇಲ್ಲ ಎಂದು ಇವಳು ಹೇಳುತ್ತಾಳೆ. ಕ್ಷಮಿಸಿದೆ ಎಂದು ಅವಳ ಬಾಯಲ್ಲಿ ಇನ್ನೂ ಬಂದಿಲ್ಲ. ಹೋದ ಭಾನುವಾರ ಮುದುಕ, ಈ ಚಳಿ ನನ್ನ ಮೂಳೆಗೆ ಇನ್ನು ಆಗುವುದಿಲ್ಲ, ನಿನ್ನ ಹೊಸ ಮನೆಯಲ್ಲಿ ನನಗೊಂದು ಮೂಲೆ ಸಿಗುತ್ತದಾ ಎಂದು ಕೇಳಿದನಂತೆ.

ನೀನು ಏನೆಂದೆ ಎಂದು ನಾನು ಕೇಳಿದೆ. ನನ್ನ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

"ಇನ್ನೂ ಮಾಡು ಹಾಕಿಲ್ಲ ಅಂದೆ."

ಮಾಡು ಹಾಕಿದ ಮೇಲೆ ಏನು ಹೇಳುತ್ತೀ ಎಂದೆ. ಅವಳು ಬೀದಿಯ ಕಡೆ ನೋಡಿದಳು. ಆಲ್ಡ್ರಿಕ್ ಹಗ್ಗ ಬಿಚ್ಚುತ್ತಿರಬಹುದು, ಹೊತ್ತಾಯಿತು ಎಂದು ಹೇಳಿ ಜೆಟ್ಟಿಯ ಕಡೆಗೆ ನಡೆದಳು.